ಏರಿ ಮೇಲಿನ ರಸ್ತೆಗೆ ಯಾರ ದುಡ್ಡು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಕಂದಾಯದ ಲೆಕ್ಕದಲ್ಲಿ ಒಂದೇ ಉಪವಿಭಾಗ. ಉಪವಿಭಾಗಾಧಿಕಾರಿಗಳು ಕೂರುವುದು ಮಧುಗಿರಿಯಲ್ಲಿ. ಶಾಲೆಗಳ ಲೆಕ್ಕಕ್ಕೆ ಬಂದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ, ಗಾಡಿಗಳ ಲೆಕ್ಕಕ್ಕೆ ಬಂದರೆ ಕೆಎ-64. ಇಷ್ಟು ಕಚೇರಿಗಳಿದ್ದರೂ ನಾಲ್ಕು ತಾಲ್ಲೂಕನ್ನು ದಿನವೂ ಜೋಡಿಸುತ್ತಿರುವುದು ರಸ್ತೆ. ಹೆಣ್ಣು ಕೊಟ್ಟು ತರುವುದು ಆ ದಾರಿಯಲ್ಲೇ. ಗೊರವನಹಳ್ಳಿಯ ಮಹಾಲಕ್ಷ್ಮಿಗೆ, ದಂಡಿನ ಮಾರಮ್ಮನಿಗೆ, ಪಾವಗಡದ ಶನಿಮಹಾತ್ಮನಿಗೆ ಹರಕೆ ತೀರಿಸಲು ಹೋಗುವುದೂ ಆ ದಾರಿಯಲ್ಲೇ. ಶಿರಾದ ಸಂತೆಗೆ ಕುರಿ ಹೊಡೆದುಕೊಂಡು ಹೋಗುವವರು, ತುಮಕೂರಿನ ಕಾಲೇಜಿಗೆ ಹೋಗುವ ಮಕ್ಕಳು, ಬೆಂಗಳೂರಿಗೆ ತರಕಾರಿ ಸಾಗಿಸುವ ಗಾಡಿಗಳು, ಎಲ್ಲರಿಗೂ ಬೇರೆ ದಾರಿಯಿಲ್ಲ.

ಇಲ್ಲಿನ ಯಾವ ಟೀ ಅಂಗಡಿ ಮುಂದೆ ಕೂತರೂ ಮಾತು ಮಳೆಯಿಂದ ಶುರುವಾಗಿ, ಕಡ್ಲೆಕಾಯಿ ರೇಟು ಮುಗಿಸಿ, ರಸ್ತೆಗೆ ಬಂದು ನಿಲ್ಲುತ್ತದೆ. "ಕೆಶಿಪ್ ರಸ್ತೆ ಆದ್ಮೇಲೆ ತುಮಕೂರು ಹತ್ರ ಆಗೋಯ್ತು ಕಣಣ್ಣ" ಎಂದು ಒಬ್ಬರು ಅಂದರೆ, "ಹತ್ರ ಆಗಿದ್ದು ಸರಿ, ಸಂಜೆ ಹೊತ್ತು ಹಸ ಹಿಡ್ಕೊಂಡು ಆ ಕಡೆಯಿಂದ ಈ ಕಡೆಗೆ ದಾಟೋದು ಹೆಂಗೆ ಅದನ್ನ ಹೇಳು" ಎಂದು ಇನ್ನೊಬ್ಬರು. ಇಬ್ಬರ ಮಾತೂ ನಿಜ. ಮಳವಳ್ಳಿಯಿಂದ ಪಾವಗಡದವರೆಗಿನ ರಾಜ್ಯ ಹೆದ್ದಾರಿ 33, ಸುಮಾರು 193 ಕಿ.ಮೀ., ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯಲ್ಲಿ, ಅಂದರೆ ಕೆಶಿಪ್‌ನಲ್ಲಿ, ಹೊಸದಾಯಿತು. ಕೊರಟಗೆರೆ, ಮಧುಗಿರಿ, ಪಾವಗಡಗಳಿಗೆ ಅದೇ ಬೆನ್ನೆಲುಬು. ಶಿರಾದ ಎದೆಯ ಮೇಲೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗಿದೆ. ಹುಳಿಯಾರು ಕಡೆಯಿಂದ ಬಂದು ಶಿರಾ, ಮಧುಗಿರಿ, ಗೌರಿಬಿದನೂರಿಗೆ ಹೋಗುವ ಹಳೆಯ 234 ಈಗ 69 ಆಗಿದೆ. ಮಡಕಶಿರಾ ಕಡೆಯಿಂದ 544ಇ ಬಂದು ಸೇರುತ್ತದೆ. ದೊಡ್ಡ ರಸ್ತೆಗೆ ದೊಡ್ಡ ದುಡ್ಡು ಬಂತು. ಬಂದಿದ್ದಕ್ಕೆ ಸಂತೋಷವೇ. ಆಸ್ಪತ್ರೆಗೆ ಬಸುರಿ ಹೆಂಗಸನ್ನು ಕರೆದೊಯ್ಯುವಾಗ ಆ ಸಂತೋಷದ ಬೆಲೆ ಗೊತ್ತಾಗುತ್ತದೆ.

ಆದರೆ ದೊಡ್ಡ ರಸ್ತೆ ತರುವುದು ವೇಗವನ್ನು. ಆ ವೇಗದ ಪಕ್ಕದಲ್ಲೇ ಬದುಕುವವರನ್ನು ಉಳಿಸುವುದು ಸಣ್ಣ ಕೆಲಸಗಳು. ತಿರುವಿನಲ್ಲಿ ಒಂದು ತಡೆಗೋಡೆ, ಕ್ರಾಸಿನಲ್ಲಿ ಒಂದು ದೀಪ, ಮೋರಿಗೆ ಎರಡು ಅಡಿ ಕಟ್ಟೆ, ಬಸ್ಸು ನಿಲ್ಲಲು ರಸ್ತೆ ಬಿಟ್ಟು ಆಚೆ ಒಂದಿಷ್ಟು ಜಾಗ, ಬಣ್ಣ ಬಳಿದ ಹಂಪು, ಕಿತ್ತುಹೋದ ರಸ್ತೆಯಂಚಿಗೆ ಮಣ್ಣು. ಇವುಗಳ ಅನುದಾನದ ಬಗ್ಗೆ ಇವತ್ತು ಬಿಡಿಸಿ ಮಾತಾಡಬೇಕು ಅನ್ನಿಸಿದೆ. ಇದು ಕಚೇರಿಯ ಕಡತದ ವಿಷಯ, ನಮಗೇಕೆ ಎಂದುಕೊಂಡು ನಾವೆಲ್ಲ ದೂರ ಇಟ್ಟಿದ್ದೇವೆ. ನಮ್ಮ ಮಕ್ಕಳು ಓಡಾಡುವುದು ಆ ಕಡತದ ಮೇಲೆಯೇ.

ಮೊದಲು ಕೆರೆ ಏರಿಗೆ ಬನ್ನಿ. ನಮ್ಮ ಸೀಮೆ ಕೆರೆಗಳ ಸೀಮೆ. ಒಣಗಿದ್ದಾಗ ಜಾಲಿ ಬೆಳೆಯುತ್ತದೆ, ತುಂಬಿದ ವರ್ಷ ಊರೆಲ್ಲ ಸೇರಿ ಬಾಗಿನ ಕೊಡುತ್ತದೆ. ಹಳೆಯ ಕಾಲದವರು ಊರಿಂದ ಊರಿಗೆ ಹೋಗಲು ಏರಿಯನ್ನೇ ದಾರಿ ಮಾಡಿಕೊಂಡರು. ಎತ್ತಿನ ಗಾಡಿಗೆ ಅದು ಒಳ್ಳೆಯ ದಾರಿ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಒಬ್ಬರು ನಿಂತು ಇನ್ನೊಬ್ಬರಿಗೆ ಬಿಡುತ್ತಿದ್ದರು. ಕಾಲ ಬದಲಾದ ಹಾಗೆ ಅದೇ ಏರಿಯ ಮೇಲೆ ಜಲ್ಲಿ ಬಿತ್ತು, ಜಲ್ಲಿಯ ಮೇಲೆ ಡಾಂಬರು ಬಿತ್ತು, ಡಾಂಬರಿನ ಮೇಲೆ ಬಸ್ಸು ಬಂತು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ತೋಟದ ಆಳ, ನಡುವೆ ಎರಡು ಗಾಡಿ ಎದುರಾದರೆ ಉಸಿರು ಬಿಗಿಹಿಡಿಯುವಷ್ಟು ಅಗಲ. ತೂಬಿನ ಹತ್ತಿರ ಏರಿ ಬಾಗುತ್ತದೆ, ಕೋಡಿಯ ಹತ್ತಿರ ಇಳಿಯುತ್ತದೆ. ಅಲ್ಲಿಗೊಂದು ತಡೆಗೋಡೆ ಬೇಕು ಎಂದು ಕೇಳಲು ಹೋದರೆ ಗೊತ್ತಾಗುತ್ತದೆ, ಆ ಏರಿಗೆ ಎಷ್ಟು ಜನ ಯಜಮಾನರು ಎಂದು.

ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಕೆರೆ ಪಂಚಾಯತ್ ರಾಜ್ ಇಲಾಖೆಯದು. ಅದಕ್ಕಿಂತ ಹೆಚ್ಚಿದ್ದರೆ, 2,000 ಹೆಕ್ಟೇರಿನವರೆಗೆ, ಸಣ್ಣ ನೀರಾವರಿಯದು. ಮೇಲಿನ ರಸ್ತೆ ರಾಜ್ಯ ಹೆದ್ದಾರಿ ಅಥವಾ ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿಯದು, ಹಳ್ಳಿ ರಸ್ತೆಯಾದರೆ ಮತ್ತೆ ಪಂಚಾಯತ್ ರಾಜ್. ಕಂಬ ಬೆಸ್ಕಾಂನದು, ಆ ಕಂಬಕ್ಕೆ ದೀಪ ಕಟ್ಟಿ ಬಿಲ್ಲು ತೆರಬೇಕಾದದ್ದು ಗ್ರಾಮ ಪಂಚಾಯಿತಿ. ಇತ್ತೀಚೆಗೆ ಕುಡಿಯುವ ನೀರಿನ ಪೈಪಿಗೆಂದು ಏರಿಯ ಅಂಚನ್ನು ಅಗೆದು ಮುಚ್ಚಿದ್ದರೆ ಅದಕ್ಕೆ ಮತ್ತೊಬ್ಬರು. ಏರಿಯಲ್ಲಿ ಗುಂಡಿ ತೋಡಿ ಕಂಬಿ ನೆಡುತ್ತೇವೆ ಎಂದರೆ ಏರಿಗೆ ಧಕ್ಕೆಯಾಗುತ್ತದೆಂದು ನೀರಾವರಿಯವರು ತಡೆಯಬೇಕಾಗುತ್ತದೆ, ಅದು ಅವರ ಕರ್ತವ್ಯ. ಕಂಬಿ ಇಲ್ಲದೆ ಬಸ್ಸು ಕೆಳಗಿಳಿದರೆ ರಸ್ತೆಯವರನ್ನು ಕೇಳುತ್ತಾರೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬ ಕಿರಿಯ ಎಂಜಿನಿಯರು ಹೇಳಿದ್ದು ಹೀಗೆ: "ಸಾರ್, ಅಂದಾಜು ಪಟ್ಟಿ ನಾನೇ ಮಾಡ್ಕೊಡ್ತೀನಿ, ಒಂದಿನದ ಕೆಲ್ಸ. ಯಾವ ಹೆಡ್ಡಲ್ಲಿ ಹಾಕ್ಲಿ ಅದನ್ನ ಹೇಳಿ." ಎಲ್ಲವೂ ಬಂದು ನಿಲ್ಲುವುದು ಆ ಹೆಡ್ಡಿನ, ಅಂದರೆ ಲೆಕ್ಕ ಶೀರ್ಷಿಕೆಯ, ಪ್ರಶ್ನೆಯ ಹತ್ತಿರ.

ಪಾವಗಡದ ಮಾತು ಬಂದರೆ ಪಳವಳ್ಳಿಯ ನೆನಪು ಬರದೆ ಇರುವುದಿಲ್ಲ. 2022ರ ಮಾರ್ಚ್ 19, ಶನಿವಾರ ಬೆಳಿಗ್ಗೆ. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ತಿರುವಿನಲ್ಲಿ ಉರುಳಿಬಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ, ಬಸ್ಸಿನ ಮೇಲೂ ಹುಡುಗರು ಕೂತಿದ್ದರು. ಸತ್ತವರಲ್ಲಿ, ಗಾಯಗೊಂಡವರಲ್ಲಿ ಹೆಚ್ಚಿನವರು ಶಾಲೆ ಕಾಲೇಜಿಗೆ ಹೊರಟ ಮಕ್ಕಳು. ನೇಯ್ಗೆಯ ಊರಾದ ಹೊಸಕೋಟೆಯಿಂದ, ಸುತ್ತಲ ಹಳ್ಳಿಗಳಿಂದ ಓದಲೆಂದು ಹೊರಟವರು. ಚಾಲಕನ ವೇಗದ ಮಾತು ಬಂತು, ಬಸ್ಸಿನ ಸ್ಥಿತಿಯ ಮಾತು ಬಂತು. ಜೊತೆಗೆ ಊರವರೆಲ್ಲ ಒಂದೇ ದನಿಯಲ್ಲಿ ಕೇಳಿದ್ದು ಇನ್ನೊಂದಿತ್ತು: ಆ ಹೊತ್ತಿಗೆ ಆ ದಾರಿಗೆ ಸರ್ಕಾರಿ ಬಸ್ಸುಗಳು ಸಾಕಷ್ಟಿದ್ದರೆ ಮಕ್ಕಳು ಬಸ್ಸಿನ ಮೇಲೆ ಏಕೆ ಹತ್ತುತ್ತಿದ್ದರು?

ರಸ್ತೆ ಸುರಕ್ಷತೆಯ ದುಡ್ಡು ಅಂದರೆ ನಮ್ಮ ಕಣ್ಣಿಗೆ ಸಿಮೆಂಟು, ಕಬ್ಬಿಣ, ಬಣ್ಣ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಒಂದು, ಎಂಟೂವರೆಗೆ ಇನ್ನೊಂದು ಬಸ್ಸು ಬಿಡಲು ಸಾರಿಗೆ ಸಂಸ್ಥೆಗೆ ಬೀಳುವ ಖರ್ಚನ್ನೂ ಅದೇ ಲೆಕ್ಕದಲ್ಲಿ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಿಕ್ಕಿರಿದ ಬಸ್ಸಿನ ಭಾರ ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲುತ್ತದೆ, ಮೇಲೆ ಜನ ಕೂತಷ್ಟೂ ಬಸ್ಸು ಬೇಗ ಮಗುಚುತ್ತದೆ. ಒಂದು ಬಸ್ಸು ಹೆಚ್ಚಿದರೆ ಒಂದು ತಡೆಗೋಡೆ ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳ ಓಡಾಟ ಹೆಚ್ಚಿದೆ, ಅದು ನಲಿಯಬೇಕಾದ ಸಂಗತಿ. ಹತ್ತಲು ಬಸ್ಸುಗಳೂ ಅದಕ್ಕೆ ತಕ್ಕಂತೆ ಹೆಚ್ಚಬೇಕು.

ಪಾವಗಡಕ್ಕೆ ಇನ್ನೂ ಒಂದು ಕಷ್ಟವಿದೆ. ತಾಲ್ಲೂಕು ತುಮಕೂರು ಜಿಲ್ಲೆಯದಾದರೂ ಜಿಲ್ಲೆಯ ನೆಲಕ್ಕೆ ಅಂಟಿಕೊಂಡಿಲ್ಲ. ಬಹುಪಾಲು ಸುತ್ತ ಆಂಧ್ರ, ಒಂದು ಕಡೆ ಚಿತ್ರದುರ್ಗ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಆಂಧ್ರದ ನೆಲ ದಾಟಿ ಹೋಗಬೇಕು. ಲೋಕಸಭೆಯ ಲೆಕ್ಕದಲ್ಲಿ ಪಾವಗಡವೂ ಶಿರಾವೂ ಚಿತ್ರದುರ್ಗ ಕ್ಷೇತ್ರಕ್ಕೆ, ಮಧುಗಿರಿಯೂ ಕೊರಟಗೆರೆಯೂ ತುಮಕೂರು ಕ್ಷೇತ್ರಕ್ಕೆ. ಹಾಗಾಗಿ ಒಂದೇ ಉಪವಿಭಾಗದವರಾದ ನಾವು ಸಂಸದರ ನಿಧಿ ಕೇಳಬೇಕಾದರೆ ಇಬ್ಬರ ಬಾಗಿಲಿಗೆ ಹೋಗಬೇಕು. ಇದೇ ಪಾವಗಡದ ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಇದೆ. ಹೊಲ ಗುತ್ತಿಗೆ ಕೊಟ್ಟು ನಾಡಿಗೆಲ್ಲ ಕರೆಂಟು ಕೊಟ್ಟ ರೈತರು ಅವರು. ಅವರ ಹಳ್ಳಿಗಳಿಗೆ ಹೋಗುವ ಒಂದು ಕ್ರಾಸಿನಲ್ಲೂ ಕತ್ತಲೆ ಇರಬಾರದು. ಅದನ್ನು ಹಕ್ಕಿನಿಂದ ಕೇಳಬಹುದು.

ಶಿರಾದ ಕಡೆ ಹೊರಳಿದರೆ ಅಲ್ಲಿನ ನೋವು ಬೇರೆ ಬಗೆಯದು. 2022ರ ಆಗಸ್ಟ್ 25ರ ಬೆಳಗಿನ ಜಾವ, ಕಳ್ಳಂಬೆಳ್ಳ ಹತ್ತಿರದ ಬಾಲೇನಹಳ್ಳಿ ಬಳಿ, ರಾಯಚೂರು ಕಡೆಯ ಕೂಲಿಕಾರರನ್ನು ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಕ್ರೂಸರ್ ಲಾರಿಗೆ ಡಿಕ್ಕಿ ಹೊಡೆಯಿತು. ಒಂಬತ್ತು ಜನ ತೀರಿಕೊಂಡರು. ಊರಿನಲ್ಲಿ ಕೆಲಸವಿಲ್ಲದೆ ಗಂಟುಮೂಟೆ ಕಟ್ಟಿ, ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಹೊರಟವರು ನಮ್ಮ ನೆಲದಲ್ಲಿ ಕಣ್ಣು ಮುಚ್ಚಿದರು. ಪ್ರಧಾನಿಯವರ ಪರಿಹಾರ ನಿಧಿಯಿಂದ ಸತ್ತವರ ಕುಟುಂಬಕ್ಕೆ 2 ಲಕ್ಷ, ಗಾಯಾಳುಗಳಿಗೆ 50,000 ರೂಪಾಯಿ ಎಂದು ಅದೇ ದಿನ ಪ್ರಕಟವಾಯಿತು. ಆ ದುಡ್ಡು ಬೇಕು, ದುಡಿಯುವ ಕೈ ಹೋದ ಮನೆಗೆ ಅದು ಆಸರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ ಮಾತು: ಸಾವಿನ ನಂತರದ ಹಣ ಒಂದೇ ದಿನದಲ್ಲಿ ತೀರ್ಮಾನವಾಗುತ್ತದೆ, ಸಾವಿನ ಮುಂಚಿನ ಹಣಕ್ಕೆ ವರ್ಷಗಟ್ಟಲೆ ಕಾಯಬೇಕು. ಒಂದು ಸಹಿಗೂ ಇನ್ನೊಂದು ಸಹಿಗೂ ಇರುವ ಈ ಅಂತರವನ್ನು ಕಡಿಮೆ ಮಾಡಿದರೆ ಮೊದಲನೆಯ ಬಗೆಯ ಹಣವೇ ಬೇಕಾಗುವುದಿಲ್ಲ.

ಅಪಘಾತವಾದ ಜಾಗಕ್ಕೆ ದುಡ್ಡು ಬರಬೇಕಾದರೆ ಅದು ಮೊದಲು 'ಬ್ಲ್ಯಾಕ್ ಸ್ಪಾಟ್' ಎಂದು ಪಟ್ಟಿಗೆ ಸೇರಬೇಕು. ಕೇಂದ್ರ ಹೆದ್ದಾರಿ ಸಚಿವಾಲಯದ ಅಳತೆಗೋಲು ಇದು: ಸುಮಾರು 500 ಮೀಟರ್ ಉದ್ದದ ಜಾಗದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ರಾಷ್ಟ್ರೀಯ ಹೆದ್ದಾರಿಗೆ ಮಾಡಿದ ಲೆಕ್ಕ ಇದು, ಅಲ್ಲಿಗೆ ಸರಿ. ಕಳ್ಳಂಬೆಳ್ಳ, ಸೀಬಿ, ಶಿರಾ ಬೈಪಾಸಿನಂಥ ಕಡೆ ಈ ಅಳತೆಗೋಲು ಕೆಲಸ ಮಾಡುತ್ತದೆ. ಹಳ್ಳಿ ರಸ್ತೆಯಲ್ಲಿ ಮಾಡುವುದಿಲ್ಲ. ಕೊರಟಗೆರೆಯ ಯಾವುದೋ ಹಳ್ಳಿಯ ಮೋರಿಯಲ್ಲಿ ಈ ವರ್ಷ ಒಬ್ಬ ಬೈಕಿನ ಹುಡುಗ ಬೀಳುತ್ತಾನೆ, ಎರಡು ವರ್ಷ ಬಿಟ್ಟು ಎರಡು ಮೈಲಿ ಆಚೆಯ ಇನ್ನೊಂದು ಮೋರಿಯಲ್ಲಿ ಇನ್ನೊಬ್ಬ. ಎರಡು ಮೋರಿಗೂ ಕಟ್ಟೆ ಇರಲಿಲ್ಲ ಎಂಬುದೇ ಎರಡಕ್ಕೂ ಕಾರಣ, ಆದರೆ ಯಾವ ಮೋರಿಯೂ ಪಟ್ಟಿಗೆ ಸೇರುವುದಿಲ್ಲ. ಒಂದೇ ಜಾಗದಲ್ಲಿ ಐದು ಸಲ ಆಗಲಿ ಎಂದು ಕಾಯುವ ಬದಲು, ಒಂದೇ ಬಗೆಯ ದೋಷ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಒಟ್ಟಿಗೆ ಸರಿಮಾಡುವ ಅನುದಾನ ಹಳ್ಳಿ ರಸ್ತೆಗಳಿಗೆ ಬೇಕು. ತಾಲ್ಲೂಕಿನ ಎಲ್ಲ ಮೋರಿಗಳಿಗೆ ಒಂದೇ ಅಂದಾಜು, ಎಲ್ಲ ಏರಿಗಳಿಗೆ ಒಂದೇ ಅಂದಾಜು.

ಹಂಪಿನ ವಿಷಯಕ್ಕೆ ಬರೋಣ. ರಸ್ತೆಯಲ್ಲಿ ಊರಿನ ಮಗು ಸತ್ತರೆ ಊರವರು ಮೊದಲು ಮಾಡುವುದು ರಸ್ತೆ ತಡೆ, ಎರಡನೆಯದು ಹಂಪ್ಸು. ಜಲ್ಲಿ ತಂದು, ಸಿಮೆಂಟು ಕಲಸಿ, ರಾತ್ರೋರಾತ್ರಿ ರಸ್ತೆಗೆ ಅಡ್ಡ ಒಂದು ದಿಬ್ಬ ಕಟ್ಟುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅಂಥ ದಿಬ್ಬ ಗೇಣು ಎತ್ತರ, ಮೊಳ ಅಗಲ ಇರುತ್ತದೆ, ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ. ರಾತ್ರಿ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಹಂಪು ಬೇರೆ. ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು, ಬೆನ್ನು ಗುಂಡಗೆ. ಬರುವ ಗಾಡಿ ಗಂಟೆಗೆ 25 ಕಿ.ಮೀ.ಗೆ ಇಳಿದರೆ ಕುಲುಕದೆ ದಾಟುತ್ತದೆ, ಇಳಿಯದಿದ್ದರೆ ಎತ್ತಿಹಾಕುತ್ತದೆ. ಮೇಲೆ ಎದ್ದು ಕಾಣುವ ಬಣ್ಣದ ಪಟ್ಟೆ ಇರಬೇಕು, 40 ಮೀಟರ್ ಮುಂಚೆ ಬೋರ್ಡು ಇರಬೇಕು. 10 ಸೆಂಟಿಮೀಟರು ಎತ್ತರಕ್ಕೆ ಸುಮಾರು ನಾಲ್ಕು ಮೀಟರ್ ಅಗಲ ಎಂದರೆ ಎಷ್ಟು ಸಾವಕಾಶದ ಏರು ಎಂದು ಕಣ್ಣು ಮುಚ್ಚಿ ಊಹಿಸಿ. ಅದನ್ನು ಮಾಡಲು ದೊಡ್ಡ ಖರ್ಚೇನೂ ಇಲ್ಲ, ಅಳತೆ ಹಿಡಿದು ನಿಲ್ಲುವ ಒಬ್ಬ ಎಂಜಿನಿಯರು ಬೇಕು, ಆಮೇಲೆ ವರ್ಷಕ್ಕೊಮ್ಮೆ ಬಣ್ಣಕ್ಕೆ ದುಡ್ಡು ಬೇಕು. ಕಟ್ಟಲು ದುಡ್ಡು ಸಿಗುತ್ತದೆ, ಬಣ್ಣಕ್ಕೆ ಸಿಗುವುದಿಲ್ಲ. ಒಂದು ಮಳೆಗಾಲ ಕಳೆದರೆ ಪಟ್ಟೆ ಅಳಿಸಿ ಹಂಪು ರಸ್ತೆಯ ಬಣ್ಣಕ್ಕೇ ತಿರುಗುತ್ತದೆ. ಗೊರವನಹಳ್ಳಿಗೆ ದೂರದಿಂದ ಬರುವ ಭಕ್ತರು ನಮ್ಮ ದಾರಿಯ ಗುಟ್ಟು ಬಲ್ಲವರಲ್ಲ. ಅವರಿಗೆ ಬಣ್ಣವೇ ದಿಕ್ಕು.

ಈಗ ಒಕ್ಕಣೆಯ ಮಾತು. ಇದನ್ನು ಬಿಟ್ಟು ನಮ್ಮ ಸೀಮೆಯ ರಸ್ತೆ ಸುರಕ್ಷತೆಯ ಮಾತು ಪೂರ್ತಿಯಾಗುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಮಧುಗಿರಿ, ಕೊರಟಗೆರೆ ಕಡೆ ಯಾವ ಒಳರಸ್ತೆಗೆ ಹೋದರೂ ಡಾಂಬರಿನ ಮೇಲೆ ರಾಗಿ ತೆನೆ, ಹುರುಳಿ, ಅವರೆ ಹಾಸಿರುತ್ತಾರೆ. ಗಾಡಿಗಳ ಚಕ್ರದಲ್ಲೇ ಒಕ್ಕಣೆ. ಹುರುಳಿ ಕಾಳಿನ ಮೇಲೆ ಬೈಕಿನ ಚಕ್ರ ಜಾರುತ್ತದೆ. ಒಣಗಿದ ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡರೆ ಬೆಂಕಿಯೇ ಹತ್ತುವುದುಂಟು. ರಸ್ತೆಯಂಚಿಗೆ ಕಲ್ಲುಗುಂಡು ಇಟ್ಟಿರುತ್ತಾರೆ, ಸಂಜೆ ತೆನೆ ತುಂಬಿಕೊಂಡು ಹೋದ ಮೇಲೂ ಕಲ್ಲು ಅಲ್ಲೇ ಇರುತ್ತದೆ. ಪೊಲೀಸರು ಬಂದು ಗದರುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ಮುಂದಿನ ಸುಗ್ಗಿಗೆ ಮತ್ತೆ ಅದೇ.

ಹಿಂದೆ ಪ್ರತಿ ಹೊಲಕ್ಕೂ ಕಣ ಇತ್ತು. ನೆಲ ಕೆತ್ತಿ, ನೀರು ಹಾಕಿ ತುಳಿದು, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ರೋಣಗಲ್ಲಿಗೆ ಎತ್ತು ಕಟ್ಟಿ ರಾತ್ರಿಯೆಲ್ಲ ಹೊಡೆಯುತ್ತಿದ್ದರು. ಕಣ ಪೂಜೆ ಮಾಡಿ, ರಾಶಿಗೆ ಕೈ ಮುಗಿದು ಆಮೇಲೆ ಅಳೆಯುತ್ತಿದ್ದರು. ಎತ್ತು ಹೋದವು, ಆಳು ಸಿಗುವುದಿಲ್ಲ, ಹೊಲ ತುಂಡುತುಂಡಾಗಿದೆ. ಎರಡು ಎಕರೆಯವನು ಕಣಕ್ಕೆಂದು ಜಾಗ ಬಿಡುವುದು ಎಲ್ಲಿಂದ? ಅವನಿಗೆ ಡಾಂಬರು ರಸ್ತೆ ಸಿಕ್ಕ ಗಟ್ಟಿ ನೆಲ. ಅವನನ್ನು ಬೈದು ಪ್ರಯೋಜನವಿಲ್ಲ. ಊರಿಗೊಂದು ಸಿಮೆಂಟಿನ ಒಕ್ಕಣೆ ಕಣ ಮಾಡಿಸಿಕೊಡಬೇಕು. ಉದ್ಯೋಗ ಖಾತರಿಯ ಹಣದಲ್ಲಿ ಹಾಗೆ ಕಣ ಮಾಡಿಸಿಕೊಂಡ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿವೆ. ಆ ಕೆಲಸದ ಕಡತದಲ್ಲಿ ರಸ್ತೆ ಎಂಬ ಮಾತೇ ಇರುವುದಿಲ್ಲ, ಆದರೂ ಅದು ರಸ್ತೆ ಸುರಕ್ಷತೆಗೆ ಸಂದ ಅನುದಾನವೇ. ಜೊತೆಗೆ ಒಂದು ಅಧಿಕಾರವನ್ನೂ ನೆನಪಿಸುತ್ತೇನೆ. ಸಾರ್ವಜನಿಕ ದಾರಿಗೆ ಅಡ್ಡವಾಗಿರುವುದನ್ನು, ರಸ್ತೆಗೆ ಬಾಗಿ ಬೀಳುವಂತಿರುವ ಮರ ಕಟ್ಟಡಗಳನ್ನು ತೆಗೆಸುವ ಅಧಿಕಾರ ದಂಡಾಧಿಕಾರಿಯಾಗಿ ಉಪವಿಭಾಗಾಧಿಕಾರಿಗಳಿಗಿದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152. ಅದಕ್ಕೆ ಅನುದಾನ ಬೇಡ, ಒಂದು ಅರ್ಜಿ ಸಾಕು.

ಹಾಗಾದರೆ ದುಡ್ಡು ಎಲ್ಲೆಲ್ಲಿದೆ? ಲೋಕೋಪಯೋಗಿ ಕಚೇರಿಯಲ್ಲಿ ಎರಡು ಸಂಖ್ಯೆ ಪದೇ ಪದೇ ಕಿವಿಗೆ ಬೀಳುತ್ತವೆ: 5054, 3054. ಮೊದಲನೆಯದು ರಸ್ತೆ ಸೇತುವೆಗಳ ಬಂಡವಾಳ ಕೆಲಸದ ಲೆಕ್ಕ ಶೀರ್ಷಿಕೆ, ಎರಡನೆಯದು ನಿರ್ವಹಣೆಯದು. ಹೊಸ ರಸ್ತೆಯ ಹಿಂದೆ ಎಲ್ಲರೂ ಓಡುವುದರಿಂದ ಮೊದಲನೆಯದರ ಹೆಸರು ಜೋರು. ಬಣ್ಣ, ಬೋರ್ಡು, ರಸ್ತೆಯಂಚಿನ ಮಣ್ಣು, ಮುಳ್ಳುಗಿಡ ಸವರುವುದು ಇವೆಲ್ಲ ಎರಡನೆಯದರ ಪಾಲು, ನಮ್ಮ ಜೀವ ಉಳಿಸುವುದೂ ಹೆಚ್ಚಾಗಿ ಅದೇ. ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಗ್ರಾಮ ಪಂಚಾಯಿತಿಗಳಿಗೆ ಹಣಕಾಸು ಆಯೋಗದ ಅನುದಾನ ಬರುತ್ತದೆ, ಬೀದಿದೀಪ ಅದರಲ್ಲಿ ಆಗಬಹುದು. ರಾಜ್ಯದಲ್ಲಿ 2017ರ ಕಾಯ್ದೆಯಿಂದ ಬಂದ ರಸ್ತೆ ಸುರಕ್ಷತಾ ಪ್ರಾಧಿಕಾರವಿದೆ, ಅದಕ್ಕೊಂದು ನಿಧಿಯಿದೆ. ಹೆಲ್ಮೆಟ್ ಇಲ್ಲದ್ದಕ್ಕೆ ನಾವು ಕಟ್ಟುವ ದಂಡದ ಒಂದು ಪಾಲು ಇಂಥ ನಿಧಿಗೆ ಸೇರಿ ರಸ್ತೆಗೇ ವಾಪಸಾಗಬೇಕು ಎಂದು ಸುಪ್ರೀಂ ಕೋರ್ಟು ಹೇಳಿದೆ.

ಆ ಮಾತು ಬಂದದ್ದು ಕೊಯಮತ್ತೂರಿನ ಒಬ್ಬ ಮೂಳೆ ವೈದ್ಯರಿಂದ. ಮುರಿದ ಕೈಕಾಲುಗಳನ್ನು ದಿನವೂ ಜೋಡಿಸುತ್ತಿದ್ದ ಡಾ. ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2014ರಲ್ಲಿ ಕೋರ್ಟು ನಿವೃತ್ತ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 2017ರ ನವೆಂಬರ್ 30ರ ಆದೇಶದಲ್ಲಿ ಪ್ರತಿ ಜಿಲ್ಲೆಗೂ ರಸ್ತೆ ಸುರಕ್ಷತಾ ಸಮಿತಿ ಇರಲಿ, ಅದು ತಪ್ಪದೆ ಸಭೆ ಸೇರಲಿ ಎಂದಿತು. ಜಿಲ್ಲಾಧಿಕಾರಿ ಅಧ್ಯಕ್ಷರು, ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ, ಆರೋಗ್ಯ ಇಲಾಖೆಯವರು ಒಂದೇ ಮೇಜಿನ ಸುತ್ತ ಕೂರುವ ಜಾಗ ಅದು. ಏರಿಯ ಯಜಮಾನರೆಲ್ಲ ಒಂದೇ ಕೋಣೆಯಲ್ಲಿ ಸಿಗುವುದು ಅಲ್ಲಿ ಮಾತ್ರ. ನೀರಾವರಿಯವರನ್ನೂ ಪಂಚಾಯತ್ ರಾಜ್‌ನವರನ್ನೂ ಕರೆಸಿ, "ಇದು ಯಾರ ಹೆಡ್ಡು" ಎಂಬ ಪ್ರಶ್ನೆಯನ್ನು ಅಲ್ಲೇ ಬಗೆಹರಿಸಬಹುದು.

ಎಲ್ಲರೂ ಸೇರಿ ಮಾಡಿದರೆ ಆಗುತ್ತದೆಯೇ ಎಂದು ಕೇಳುವವರಿಗೆ ಬೆಳಗಾವಿಯ ಕಡೆ ಕೈತೋರಿಸುತ್ತೇನೆ. ಬೆಳಗಾವಿಯಿಂದ ಯರಗಟ್ಟಿಯವರೆಗಿನ 62 ಕಿ.ಮೀ. ರಸ್ತೆಯನ್ನು ವಿಶ್ವಬ್ಯಾಂಕಿನ ನೆರವಿನಿಂದ ಇದೇ ಕೆಶಿಪ್‌ನವರು ಸುರಕ್ಷಿತ ರಸ್ತೆಯ ಮಾದರಿ ಮಾಡಿದರು. ರಸ್ತೆಯವರು ತಿರುವು, ಕೂಡುರಸ್ತೆ ಸರಿಮಾಡಿದರು, ಪೊಲೀಸರು ವೇಗದ ಮೇಲೆ ಕಣ್ಣಿಟ್ಟರು, ಗಾಯಾಳುಗಳ ಚಿಕಿತ್ಸೆಗೆ ಏರ್ಪಾಡಾಯಿತು. ಸಾವಿನ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ಒಪ್ಪಿದ ನೀತಿಯ ತಿರುಳೂ ಇದೇ: ಮನುಷ್ಯ ತಪ್ಪು ಮಾಡುತ್ತಾನೆ, ಅವನ ಒಂದು ತಪ್ಪಿಗೆ ಪ್ರಾಣವೇ ಬೆಲೆಯಾಗದಂತೆ ರಸ್ತೆ ಕಟ್ಟಬೇಕು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅಷ್ಟೂ ಜನರ ಹಣೆಯಲ್ಲಿ ಬರೆದಿತ್ತು ಎಂದು ನಾನು ಒಪ್ಪಲಾರೆ. ಮೋರಿಗೆ ಕಟ್ಟೆ ಕಟ್ಟದೆ ಬಿಟ್ಟಿದ್ದು ವಿಧಿಯ ಕೆಲಸವಲ್ಲ. ರಸ್ತೆಯ ವಿನ್ಯಾಸದಲ್ಲಿ, ಕೆಲಸದಲ್ಲಿ ಲೋಪ ಮಾಡಿ ಸಾವಿಗೆ ಕಾರಣರಾದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಎಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಕಲಂ ಸೇರಿದ್ದು ಇದೇ ಕಾರಣಕ್ಕೆ.

ಬಿದ್ದವರನ್ನು ಎತ್ತುವ ಮಾತೂ ಇದರೊಳಗೇ ಬರುತ್ತದೆ. 2016ರ ಫೆಬ್ರವರಿ 16ರಂದು ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕು ದೇಹ ಎರಡಾದ ಮೇಲೂ, ತನ್ನ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡ ಹರೀಶ್ ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನವನು. ಮುಂದಿನ ತಿಂಗಳು, ಮಾರ್ಚ್ 8ರಂದು, ಅವನ ಹೆಸರಿನಲ್ಲೇ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂತು. ಅಪಘಾತವಾದವರಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ದುಡ್ಡಿಲ್ಲದೆ ಚಿಕಿತ್ಸೆ. 2025ರ ಮೇ ತಿಂಗಳಲ್ಲಿ ಕೇಂದ್ರವೂ ಏಳು ದಿನ, 1.5 ಲಕ್ಷದವರೆಗಿನ ಚಿಕಿತ್ಸೆಯ ಯೋಜನೆ ಹೊರಡಿಸಿತು. ಎತ್ತಿಕೊಂಡು ಹೋದವರನ್ನು ಪೊಲೀಸರು, ಆಸ್ಪತ್ರೆಯವರು ಪೀಡಿಸಬಾರದೆಂದು ಕಾನೂನೇ ಇದೆ. ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ತಲುಪಿಸಿದವರಿಗೆ ಈಗ 25,000 ರೂಪಾಯಿ ಬಹುಮಾನ. ಇಷ್ಟಿದ್ದರೂ ಪಾವಗಡದಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ನೂರು ಕಿ.ಮೀ. ಹತ್ತಿರ. ತೀವ್ರ ಪೆಟ್ಟು ಬಿದ್ದವನಿಗೆ ಮೊದಲ ಒಂದು ಗಂಟೆ ಅಮೂಲ್ಯ ಎಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ, ನಮ್ಮಲ್ಲಿ ಆ ಗಂಟೆ ದಾರಿಯಲ್ಲೇ ಮುಗಿಯುತ್ತದೆ. ಪಾವಗಡ, ಮಧುಗಿರಿ ಆಸ್ಪತ್ರೆಗಳಲ್ಲಿ ಮೂಳೆ ವೈದ್ಯರು, ರಕ್ತ, ಸ್ಕ್ಯಾನು ರಾತ್ರಿ ಹೊತ್ತೂ ಸಿಗಬೇಕು ಎಂದು ಕೇಳುವುದು ರಸ್ತೆ ಸುರಕ್ಷತೆಯ ಬೇಡಿಕೆಯೇ.

ಈಗ ನಮ್ಮ ಪಾಲಿನ ಕೆಲಸ. ಗಾಂಧಿ ಜಯಂತಿಯ ಆಸುಪಾಸಿನಲ್ಲಿ ಪಂಚಾಯಿತಿಗಳು ಮುಂದಿನ ವರ್ಷದ ಯೋಜನೆ ಬರೆಯಲು ಶುರುಮಾಡುತ್ತವೆ, ವಾರ್ಡ್ ಸಭೆ, ಗ್ರಾಮಸಭೆ ನಡೆಯುತ್ತವೆ. ಮನೆ, ನಲ್ಲಿ, ಚರಂಡಿ ಕೇಳುವ ಹಾಗೆಯೇ ಅಲ್ಲಿ ಎದ್ದು ನಿಂತು ಇದನ್ನೂ ಕೇಳಬೇಕು. ಅರ್ಜಿಯಲ್ಲಿ "ರಸ್ತೆ ಸರಿಮಾಡಿ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ರಸ್ತೆ, ಯಾವ ಊರಿನ ಎಷ್ಟನೇ ಕಿಲೋಮೀಟರು ಕಲ್ಲು, ಏರಿಯೋ ಮೋರಿಯೋ ಕ್ರಾಸೋ, ಇದುವರೆಗೆ ಅಲ್ಲಿ ಬಿದ್ದವರು ಯಾರು, ಯಾವ ತಿಂಗಳು, ಹಗಲೋ ರಾತ್ರಿಯೋ, ಅಲ್ಲಿಗೆ ಬೇಕಾದ್ದು ಏನು ಎಂದು ಬಿಡಿಬಿಡಿಯಾಗಿ ಬರೆಯಿರಿ. ಪೊಲೀಸ್ ಠಾಣೆಯಲ್ಲಿ ಅಪಘಾತದ ದಾಖಲೆ ಈಗ ಜಾಗದ ಗುರುತಿನ ಸಮೇತ ಕಂಪ್ಯೂಟರಿಗೆ ಏರುತ್ತದೆ, ಆದ್ದರಿಂದ ಚಿಕ್ಕದಾದರೂ ದೂರು ಕೊಡದೆ ಬಿಡಬೇಡಿ. ದಾಖಲೆಯಾಗದ ಅಪಘಾತಕ್ಕೆ ಅನುದಾನವಿಲ್ಲ. ಒಂದು ಪ್ರತಿ ಪಿಡಿಒಗೆ, ಒಂದು ಲೋಕೋಪಯೋಗಿಯ ಮಧುಗಿರಿ ಕಚೇರಿಗೆ, ಒಂದು ಶಾಸಕರಿಗೆ, ಒಂದು ಜಿಲ್ಲಾಧಿಕಾರಿಗಳ ರಸ್ತೆ ಸುರಕ್ಷತಾ ಸಮಿತಿಗೆ. ಎಲ್ಲದಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಮುಂದಿನ ಗ್ರಾಮಸಭೆಯಲ್ಲಿ ಅದೇ ಕಾಗದ ಹಿಡಿದು ಏನಾಯಿತು ಎಂದು ಕೇಳಿ. ಶಾಲೆಯ ಮಾಸ್ತರರು, ಸಂಘದ ಹೆಣ್ಣುಮಕ್ಕಳು, ಬಸ್ಸಿನ ಕಂಡಕ್ಟರುಗಳು, ಹಾಲಿನ ಡೇರಿಯವರು ಒಟ್ಟಿಗೆ ಕೂತರೆ ಒಂದು ಸಂಜೆಯಲ್ಲಿ ಊರಿನ ಅಪಾಯದ ಜಾಗಗಳ ಪಟ್ಟಿ ತಯಾರಾಗುತ್ತದೆ. ನಾಲ್ಕು ತಾಲ್ಲೂಕಿನ ಪಂಚಾಯಿತಿಗಳಿಂದಲೂ ಅಂಥ ಪಟ್ಟಿ ಒಂದೇ ವರ್ಷ ಮಧುಗಿರಿಗೆ ಬಂದು ಸೇರಲಿ, ಯಾವ ಹೆಡ್ಡಿನಲ್ಲಿ ಹಾಕಬೇಕೆಂಬುದನ್ನು ಸರ್ಕಾರ ಹುಡುಕಲೇಬೇಕಾಗುತ್ತದೆ.